ಚೀಟಿ ಇಲ್ಲದ ಗಿಡ

ಗಿಡಗಳಿಗೆ ಕಿವಿ ಬಂದ ಮೇಲೆ ನರ್ಸರಿಯವರು ಕುಂಡಕ್ಕೆ ಹೆಸರಿನ ಚೀಟಿ ಅಂಟಿಸುವುದನ್ನೇ ಬಿಟ್ಟಿದ್ದರು. ಸಾಕಿದವರು ಇಟ್ಟ ಹೆಸರು ಹಿಡಿದು ಕರೆದರೆ ಮಾತ್ರ ಗಿಡ ಎಲೆ ಬಿಚ್ಚುತ್ತಿತ್ತು.

ಬಾಲ್ಕನಿಯಲ್ಲಿ ತಾನು ಮುದ್ದು ಮಾಡುತ್ತಿದ್ದ ದಪ್ಪ ಎಲೆಯ ಗಿಡದ ಹೆಸರನ್ನು ಸುಂದರೇಶ ಹೆಂಡತಿಗೂ ಹೇಳಿರಲಿಲ್ಲ. ಕೇಳಿದರೆ, "ಸುಮ್ನೆ ಒಂದು ಗಿಡ ಕಣೇ" ಎಂದು ಜಾರಿಕೊಳ್ಳುತ್ತಿದ್ದ. ಕುಮುದಾಳಿಗೆ ಹೊಟ್ಟೆ ಉರಿಯುತ್ತಿತ್ತು. ಅವತ್ತು ಅವನು ಕೆಲಸಕ್ಕೆ ಹೋದದ್ದೇ ತಡ, ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ವಿಚಾರಣೆ ಶುರು ಮಾಡಿದಳು.

"ರೇವತಿ?" ಅವನ ಆಫೀಸಿನವಳು. ಎಲೆ ಅಲುಗಲಿಲ್ಲ. "ಪದ್ಮಿನಿ?" ಎದುರು ಮನೆಯವಳು. ಊಹೂಂ. ಕೊನೆಗೆ, ಅವನಿಗೆ ಮೊದಲು ಗೊತ್ತು ಮಾಡಿದ್ದ ಸೋದರತ್ತೆ ಮಗಳ ಹೆಸರನ್ನೂ ಹಲ್ಲು ಕಚ್ಚಿಕೊಂಡು ಹೇಳಿದಳು. ಅದಕ್ಕೂ ಗಿಡ ಮುಚ್ಚಿಕೊಂಡೇ ಇತ್ತು.

"ಬಾಯಿ ಬಿಡೇ, ಮಿಟಕಲಾಡಿ!"

ಸಂಜೆ ಸುಂದರೇಶ ಶೂ ಕೂಡ ಕಳಚದೆ ನೇರ ಬಾಲ್ಕನಿಗೆ ಹೋದ. ಕುಮುದಾ ಅಡುಗೆಮನೆಯಿಂದಲೇ ಕಿವಿಗೊಟ್ಟಳು.

"ಡುಮ್ಮೀ, ಒಬ್ಳೇ ಇದ್ದು ಬೇಜಾರಾಯ್ತಾ?"

ಮದುವೆಯಾದ ಹೊಸತರಲ್ಲಿ ಅವನು ಅವಳನ್ನು ಕರೆಯುತ್ತಿದ್ದ ಹೆಸರು ಅದು. ಕೇಳಿ ಎಷ್ಟೋ ವರ್ಷಗಳಾಗಿದ್ದವು. ಗಿಡ ತಟ್ಟನೆ ಎಲೆ ಬಿಚ್ಚಿತು. "ಹ್ಞಾಂ, ಬಂದೆ" ಎಂದು ಕುಮುದಾ ಸೌಟು ಹಿಡಿದುಕೊಂಡೇ ಓಡಿಬಂದಳು.

"ಕರ್ದಿದ್ದು ನಿನ್ನನ್ನಲ್ಲ ಕಣೇ" ಎಂದ ಅವನು, ತಿರುಗಿಯೂ ನೋಡದೆ.