ಹಿಮ ಬೀಳುವವರೆಗೆ ಎರವಲು

"ಹಲ್ಲು ಎಣಿಸಿದ್ದು ಸಾಕು, ಹತ್ತಿ ಕೂತು ನೋಡು" ಎಂದ ಕುದುರೆಯ ಒಡೆಯ ಸಾಬಿರ್‌ಕುಲ್. ಜೂರಾ ಆಗಲೇ ಕುದುರೆಯ ತುಟಿ ಮೇಲೆತ್ತಿ ಬಾಯೊಳಗೆ ಇಣುಕಿದ್ದಳು. ಜೀರ್ದೆ ಎಂಬ ಆ ಕುದುರೆಗೆ ಹತ್ತೊಂಬತ್ತು ವರ್ಷ. ಹಲ್ಲು ಹಳದಿಗಟ್ಟಿ ಉದ್ದವಾಗಿದ್ದವು, ಕಣ್ಣಿನ ಮೇಲೆ ಗುಳಿ ಬಿದ್ದಿತ್ತು. ಆದರೂ ಅವಳು ಲಗಾಮು ಬಿಡಲಿಲ್ಲ. ನಾಳೆ ಬೆಳಗ್ಗೆ ಊರಿಗೆ ಊರೇ ಬೇಸಿಗೆ ಕಳೆಯಲು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊರಡುವ ದಿನ. ಏಳು ವರ್ಷದಿಂದ ಅವಳು ಹಂಡೆ, ಕಂಬಳಿ, ಕುರಿಮರಿಗಳ ನಡುವೆ ಲಾರಿಯಲ್ಲಿ ಮುದುರಿ ಕೂತು ಹೋಗುತ್ತಿದ್ದಳು. ಕುದುರೆ ಮೇಲೆ ಹೋಗುವ ಹೆಂಗಸರು ಕಣಿವೆಯ ತಿರುವಿನಲ್ಲಿ ನಿಂತು ನಗುನಗುತ್ತ ಲಾರಿಗೆ ಕೈಬೀಸುವರು. ಅದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಕಿರ್ಗಿಜ್ ಹೆಂಗಸು, ನಲವತ್ತೇಳು ವಯಸ್ಸು, ಊರ ಮಕ್ಕಳಿಗೆಲ್ಲ ಗಣಿತ ಹೇಳಿಕೊಟ್ಟವಳು, ಮನೆಯಲ್ಲಿ ಒಂದು ಕುದುರೆ ಇಲ್ಲವೆಂದರೆ!

"ಚಳಿಗಾಲದಲ್ಲಿ ಬಿದ್ದ ಮೇಲೆ ನನ್ನ ಬೆನ್ನು ಹೋಯ್ತು. ಇನ್ನು ನಾನಂತೂ ಹತ್ತೋ ಹಾಗಿಲ್ಲ" ಎಂದ ಸಾಬಿರ್‌ಕುಲ್. "ಇವನು ನಿಂತಲ್ಲೇ ನಿಂತು ಮೇಯ್ತಾ ಇದಾನೆ. ಹಿಮ ಬೀಳೋವರೆಗೆ ನೀನಿಟ್ಕೋ."

ಹಸು ಕರೆಯುತ್ತಿದ್ದ ಅವನ ಹೆಂಡತಿ ಬುರುಲ್ಚಾ ಅಲ್ಲಿಂದಲೇ ಕೂಗಿದಳು: "ಹತ್ತಮ್ಮ, ಹತ್ತು. ಏಣಿ ತರಲಾ?"

"ನಿಮ್ಮಷ್ಟು ವಯಸ್ಸಾದಾಗ ತರಿಸ್ಕೋತೀನಿ ಅತ್ತಿಗೆ!" ಎಂದು ಜೂರಾ ರಿಕಾಪಿಗೆ ಕಾಲಿಟ್ಟಳು. ಮೊದಲ ಸಲ ಜಾರಿದಳು. ಎರಡನೇ ಸಲ ಹಿಟ್ಟಿನ ಮೂಟೆಯ ಹಾಗೆ ಜೀನಿನ ಮೇಲೆ ಅಡ್ಡ ಬಿದ್ದಳು. ಮೂರನೇ ಸಲ ಕೂತೇಬಿಟ್ಟಳು. ಅಬ್ಬಾ, ಬೇಲಿಯಾಚೆ ಕಾಣದೆ ಇದ್ದದ್ದೆಲ್ಲ ಕಾಣತೊಡಗಿತು.

ಮೊದಲ ನೂರು ಹೆಜ್ಜೆ ಜೀರ್ದೆ ಮದುವೆ ಊಟ ಮುಗಿಸಿ ಬರುವ ಮುದುಕನಂತೆ ನಡೆದ. ಇಷ್ಟೇನಾ ಎಂದುಕೊಂಡಳು ಜೂರಾ. ತೊರೆಯಾಚೆಯ ಬಯಲಿನಲ್ಲಿ ಊರ ಪಡ್ಡೆಗಳು ಆಡಿನ ಕಳೇಬರಕ್ಕಾಗಿ ಕುದುರೆ ಮೇಲೆ ಕಿತ್ತಾಡುವ ಆಟ ಆಡುತ್ತಿದ್ದರು. ಗೊರಸಿನ ಸದ್ದು ಕಿವಿಗೆ ಬಿದ್ದದ್ದೇ ತಡ, ಜೀರ್ದೆ ಕಿವಿ ನಿಮಿರಿಸಿದ. ಜೂರಾ ಲಗಾಮು ಎಳೆದಳು. ಯಾರ ಲಗಾಮು, ಯಾರ ಮಾತು! ಹತ್ತು ವರ್ಷ ಅದೇ ಬಯಲಿನಲ್ಲಿ ಅದೇ ಆಟ ಆಡಿದ್ದ ಕುದುರೆ ಒಂದೇ ನೆಗೆತಕ್ಕೆ ತೊರೆ ದಾಟಿತು, ಭುಜ ಕೊಟ್ಟು ಗುಂಪಿನೊಳಕ್ಕೆ ನುಗ್ಗಿತು.

"ದಾರಿ ಬಿಡ್ರೋ! ಗಣಿತದಕ್ಕ ಬಂದ್ರು!" ಎಂದು ಕೂಗಿದವನು ಇವತ್ತಿಗೂ ಭಾಗಾಕಾರ ಬಾರದವನು. ಇನ್ನೊಬ್ಬ ಗಾಬರಿಯಲ್ಲಿ ಆಡನ್ನೇ ಕೈಬಿಟ್ಟ. ಜೀರ್ದೆ ಅದರ ಪಕ್ಕದಲ್ಲಿ ಗಕ್ಕನೆ ನಿಂತು, ಎತ್ತಿಕೋ ಎನ್ನುವಂತೆ ಭುಜ ಬಗ್ಗಿಸಿದ. ಮೂವತ್ತು ಕಿಲೋ ಭಾರವನ್ನು ಎತ್ತುವುದು ಅವಳ ಕೈಲಿ ಎಲ್ಲಿ ಆಗಬೇಕು? ಬಗ್ಗಿ ರೋಮ ಮುಟ್ಟಿದಳು, ಅಷ್ಟೇ. ಅಷ್ಟಕ್ಕೇ ಹುಡುಗರೆಲ್ಲ ಹೋ ಎಂದು ಅರಚಿದರು. ತಲೆಯ ಮೇಲಿನ ವಸ್ತ್ರ ಎಲ್ಲಿ ಬಿತ್ತೋ, ಜೂರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಷ್ಟು ಸಂತೋಷವಾಗಿ ಎಷ್ಟು ವರ್ಷವಾಗಿತ್ತೋ ಅವಳಿಗೇ ನೆನಪಿರಲಿಲ್ಲ.

"ತಗೋತೀನಿ ಅಣ್ಣ!" ಅಂಗಳಕ್ಕೆ ಬಂದವಳು ಇಳಿಯಲೂ ಇಲ್ಲ. "ನಾಳೆ ಅಲ್ಲ, ಈಗ್ಲೇ!"

ಬುರುಲ್ಚಾ ಕೈ ಒರೆಸಿಕೊಳ್ಳುತ್ತ ಬಂದು ಕುದುರೆಯ ಕತ್ತಿನ ಕೂದಲ ಬುಡಕ್ಕೆ ಬೆರಳು ಒತ್ತಿ ನೋಡಿದಳು. "ಎರಡು ಬೆರಳು ದಪ್ಪ ಕೊಬ್ಬೂ ಇಲ್ಲ. ಚೆನ್ನಾಗಿ ಮೇಯಿಸು ಕಣೇ. ಹಿಮ ಬಿದ್ದ ವಾರಾನೇ ಕೊಯ್ಯೋದು, ನಾಲ್ಕು ಮನೆಗೆ ಪಾಲು ಮಾತಾಡಿ ಆಗಿದೆ. ನಾಲ್ಕು ಬೆರಳು ಬರ್ಬೇಕು. ಬರ್ಲಿಲ್ಲ ಅಂದ್ರೆ ಈ ಮುದುಕನ್ನ ಯಾರು ತಿಂತಾರೆ? ಮತ್ತೆ ಮುಂದಿನ ವರ್ಷಕ್ಕೇ ಬಿಡ್ಬೇಕಾಗುತ್ತೆ."

ಜೂರಾಳ ನಗು ನಿಂತಿತು. ಚಳಿಗಾಲದಲ್ಲಿ ಕುದುರೆ ಮಾಂಸ ತಿನ್ನದ ಮನೆ ಆ ಊರಲ್ಲಿಲ್ಲ; ಅವಳೂ ಬೆರಳು ನೆಕ್ಕಿಕೊಂಡು ತಿಂದವಳೇ. ಆದರೆ ಈಗಷ್ಟೇ ತನಗಾಗಿ ಭುಜ ಬಗ್ಗಿಸಿದವನನ್ನು? ಕೊಬ್ಬಿಸಿ ಕೊಟ್ಟರೆ ಕೈಯಾರೆ ಕತ್ತಿಗೆ ಕೊಟ್ಟಂತೆ. ಬಡಕಲಾಗಿ ಕೊಟ್ಟರೆ, ಎರವಲು ತಂದ ಕುದುರೆಯನ್ನು ಉಪವಾಸ ಕೆಡವಿದಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಈ ಜನ್ಮದಲ್ಲಿ ಇನ್ನು ಯಾರೂ ಅವಳಿಗೆ ಕುದುರೆ ಕೊಡುವುದಿಲ್ಲ. ಇಳಿದುಬಿಟ್ಟು ನಾಳೆ ಲಾರಿ ಹತ್ತಿದರೆ ಯಾವ ರಗಳೆಯೂ ಇಲ್ಲ. ಒಂದು ಕಾಲನ್ನು ರಿಕಾಪಿನಿಂದ ತೆಗೆದೂ ಆಯಿತು. ಜೀರ್ದೆ ಇನ್ನೂ ಏದುಸಿರು ಬಿಡುತ್ತ ಬಯಲಿನ ಕಡೆಗೇ ನೋಡುತ್ತಿದ್ದ. ತೆಗೆದ ಕಾಲನ್ನು ಅವಳು ಮತ್ತೆ ಒಳಗೆ ತೂರಿಸಿದಳು.

"ಅತ್ತಿಗೆ, ಮೊದಲೇ ಹೇಳಿಬಿಡ್ತೀನಿ. ಬೇಕಾದ್ರೆ ಊರವರ ಎದುರಿಗೂ ಹೇಳ್ತೀನಿ. ಕುದುರೆ ಕೊಬ್ಬಿಸೋದು ನಂಗೆ ಬರಲ್ಲ. ಇವನು ಬಡಕಲಾಗೇ ವಾಪಸ್ ಬರ್ತಾನೆ. ಆಮೇಲೆ ಬೈಬೇಡಿ."

"ಅಯ್ಯೋ ನಿನ್ನ! ಹುಲ್ಲಿರೋ ಕಡೆ ಸುಮ್ನೆ ಬಿಟ್ರೆ ತಾನೇ ಕೊಬ್ಬುತ್ತೆ, ಅದಕ್ಕೂ ಪಾಠ ಹೇಳಿಸ್ಕೋಬೇಕಾ?" ಬುರುಲ್ಚಾ ಗಂಡನ ಕಡೆ ತಿರುಗಿದಳು. "ನೀವಾದ್ರೂ ಹೇಳ್ರೀ."

ಸಾಬಿರ್‌ಕುಲ್ ಬೆನ್ನು ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ಜೀನಿನ ಪಟ್ಟಿಯನ್ನು ಇನ್ನೊಂದು ತೂತಿನಷ್ಟು ಬಿಗಿದ. "ನಾನೇನು ಹೇಳ್ಲಿ? ಮೂರು ವರ್ಷದಿಂದ ನಾನೂ ಕೊಬ್ಬಿಸ್ತಾನೇ ಇದೀನಿ, ಇವನು ಕೊಬ್ಬುತ್ತಾನೇ ಇಲ್ಲ."

ಹೆಂಡತಿ ಗೊಣಗುತ್ತ ಹಾಲಿನ ಬಕೆಟ್ಟಿನ ಕಡೆ ಹೋದದ್ದೇ, ಅವನು ಜೂರಾಳ ಮೊಣಕಾಲಿನ ಹತ್ತಿರ ಬಂದು ದನಿ ತಗ್ಗಿಸಿದ. "ದಿನಾ ಓಡಿಸು. ಒಂದು ದಿನಾನೂ ಬಿಡಬೇಡ."