ಬೇಗೂರಿನಲ್ಲಿ ಬಂದ ಹೊಟ್ಟೆನೋವು

ಹಳೆಯ ದೇವಸ್ಥಾನಗಳ ಎಣ್ಣೆಜಿಡ್ಡಿನ ಕಲ್ಲಿನ ವಾಸನೆ ಬಂದರೆ ಈಗಲೂ ಬೇಗೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಎಂಟು ವರ್ಷ. ನಾಗೇಶ್ವರನ ಗುಡಿ, ಹಳೇ ಕೋಟೆ, ಕೆರೆ ಎಲ್ಲ ನೋಡಿಕೊಂಡು ಬರೋಣವೆಂದು ಅಪ್ಪ ಜಯನಗರದಿಂದ ನಮ್ಮನ್ನೆಲ್ಲ ಕಾರಿನಲ್ಲಿ ಕರೆದೊಯ್ದಿದ್ದರು. ಗುಡಿಯೊಳಗೆ ಹೋದರೆ, ನಮ್ಮ ಜೊತೆ ಬಂದಿದ್ದ ಅಪ್ಪನ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು, ನೋಡಲು ಗಂಡಿನ ಕಡೆಯವರು ಕಾದಿದ್ದರು.

“ಇಬ್ರೂ ಕೆರೆ ಏರಿ ಮೇಲೆ ಓಡಾಡ್ಕೊಂಡು ಬನ್ನಿ, ಮಗೂನೂ ಕರ್ಕೊಂಡು ಹೋಗಿ” ಎಂದರು ಅಜ್ಜಿ.

ಏರಿಯ ಮೇಲೆ ಆ ಹುಡುಗ, “ಮದುವೆ ಆದ್ಮೇಲೆ ನೀವು ಕೆಲ್ಸಕ್ಕೆ ಹೋಗೋದು ನಮ್ಮನೇಲಿ ಯಾರಿಗೂ ಇಷ್ಟ ಇಲ್ಲ” ಎಂದ. ಅತ್ತೆ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಡೆದಳು. ಆಗಾಗ ತಿರುಗಿ ಕಾರು ನಿಂತ ಕಡೆ ನೋಡುತ್ತಿದ್ದಳು. ಆತ ಫೋಟೊ ತೆಗೆಯಲು ಮುಂದೆ ಹೋದಾಗ ಬಗ್ಗಿ ನನ್ನ ಕಿವಿಯಲ್ಲಿ, “ಪುಟ್ಟಿ, ಹೊಟ್ಟೆನೋವು ಅಂತ ಅಳ್ತೀಯಾ?” ಎಂದಳು.

ನಾನು ಗೋಳೋ ಎಂದು ಅಳತೊಡಗಿದೆ. ಕೋಟೆ ನೋಡದೆಯೇ ಎಲ್ಲರೂ ಮನೆಗೆ ವಾಪಸಾದೆವು.

ಅಜ್ಜಿ ಓಂಕಾಳಿನ ಕಷಾಯ ಮಾಡಿ ತಂದರು. ನಾನು ಮುಖ ಹುಳ್ಳಗೆ ಮಾಡಿಕೊಂಡು ಕೈ ಚಾಚಿದೆ. ಅವರು ಲೋಟವನ್ನು ಅತ್ತೆಯ ಮುಂದೆ ಹಿಡಿದು, “ನೀನು ಕುಡಿ. ಈ ಸಂಬಂಧ ಬೇಡ ಅಂತ ನಿಮ್ಮಣ್ಣನ ಕೈಲಿ ಹೇಳಿಸ್ತೀನಿ” ಎಂದರು.

ಅತ್ತೆ ಬಿಸಿಯನ್ನೂ ಲೆಕ್ಕಿಸದೆ ಗಟಗಟ ಕುಡಿದಳು.