ಹುಳುಮನೆಯ ಬಾಗಿಲು

ಪುಟ್ಟಮಾದಪ್ಪನವರು ಸೊಸೆಯ ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದು, ಸೊಳ್ಳೆ ಔಷಧಿಯ ಡಬ್ಬಿಯನ್ನು ಒಳಕ್ಕೆ ಗುರಿ ಹಿಡಿದರು. ಗಿಡಗಳ ಒದ್ದೆ ಮಣ್ಣಿನಿಂದ ನುಸಿಗಳು ಗುಂಪಾಗಿ ಎದ್ದವು. ಎಲೆಯ ಮರೆಯಿಂದ ಅವಳು ಸಾಕಿದ ಹಲ್ಲಿ ನೋಡುತ್ತಿತ್ತು.

“ಕಾಫೀಲೂ ನುಸಿ, ಮುದ್ದೇಲೂ ನುಸಿ. ಮಾಂಬಳ್ಳಿ ಬೀಗ್ರು ಮಗ್ಳ ಜೊತೆಗೆ ಹಲ್ಲೀನೂ ಕಳ್ಸವ್ರೆ!”

“ಮಣ್ಣು ಒಣಗ್ಸಿದ್ರೆ ನುಸಿ ಓಯ್ತವೆ, ಮಾವ. ಔಷ್ದಿ ಒಡುದ್ರೆ ಹಲ್ಲಿ ಸಾಯ್ತದೆ.”

“ಸಾಯ್ಲಿ ಬುಡು.”

ಸೊಸೆ ಭವ್ಯಶ್ರೀ ಸರಸರನೆ ನಡೆದು, ಮಾವ ಜೋಪಾನವಾಗಿ ಮುಚ್ಚಿ ಬಂದಿದ್ದ ಪಕ್ಕದ ಹುಳುಮನೆಯ ಬಾಗಿಲನ್ನು ಪೂರಾ ತೆರೆದಳು. ಒಳಗೆ ತಟ್ಟೆ ತುಂಬ ಹಣ್ಣಾದ ರೇಷ್ಮೆಹುಳುಗಳು. ಇನ್ನೇನು ಗೂಡು ಕಟ್ಟಲಿದ್ದವು. ಈ ಔಷಧಿಯ ಗಾಳಿ ಸೋಕಿದರೆ ಒಂದೂ ಉಳಿಯದು.

“ಈಗ ಒಡೀರಿ, ಮಾವ.”

ಪುಟ್ಟಮಾದಪ್ಪನವರ ಬೆರಳು ಡಬ್ಬಿಯ ಮೇಲೇ ನಿಂತುಬಿಟ್ಟಿತು. ನುಸಿಯೊಂದು ಬಂದು ಮೀಸೆಯ ಮೇಲೆ ಕೂತಿತು. ಅದನ್ನು ಓಡಿಸಲೂ ಅವರ ಕೈ ಏಳಲಿಲ್ಲ.